ಕಣಜ ಗೂಬೆ ಮತ್ತು ತೊರಕೆ: ಶಾಲೆಯ ವಿಜ್ಞಾನ ಪ್ರದರ್ಶನದ ಫಲಕಕ್ಕೆ ಹೋಲಿಕೆ ಬೇಕು

ಮೂಡಬೆಟ್ಟು ಟೀಚರ್
ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಕಣಜ ಗೂಬೆಯನ್ನೂ ತೊರಕೆಯನ್ನೂ (ತಟ್ಟೆಯಂಥ ಚಪ್ಪಟೆ ಮೈಯ, ಬಾಲದಲ್ಲಿ ಮುಳ್ಳಿರುವ ಸಮುದ್ರದ ಮೀನು) ಅಕ್ಕಪಕ್ಕ ಇಟ್ಟು ಒಂದು ಫಲಕ ಮಾಡುತ್ತಿದ್ದಾರೆ. ವಿಷಯ: ಕಣ್ಣಿಗೆ ಕಾಣದ ಬೇಟೆಯನ್ನು ಹಿಡಿಯುವುದು ಹೇಗೆ. ಅವರ ಕರಡಿನಲ್ಲಿರುವ ಸಾಲುಗಳು ಇವು: ಗೂಬೆ ಕತ್ತನ್ನು 360 ಡಿಗ್ರಿ ತಿರುಗಿಸುತ್ತದೆ. ಅದರ ತಲೆಬುರುಡೆ ಸೊಟ್ಟ. ತೊರಕೆ ಶಾಕ್ ಕೊಟ್ಟು ಬೇಟೆ ಹಿಡಿಯುತ್ತದೆ. ಎರಡೂ ರೆಕ್ಕೆ ಬಡಿದು ಹಾರುತ್ತವೆ. ಎರಡೂ ಮೊಟ್ಟೆ ಇಡುತ್ತವೆ.
ಯಾವುದನ್ನು ಉಳಿಸುವುದು, ಯಾವುದನ್ನು ತೆಗೆಯುವುದು? ಬರೀ ಚಿತ್ರ ಅಂಟಿಸಿದರೆ ತೀರ್ಪುಗಾರರು ನಿಲ್ಲುವುದೂ ಇಲ್ಲ. ಕೈಯಲ್ಲಿ ಮಾಡಿ ನೋಡುವಂಥ ಮಾದರಿ ಎಂತಾದರೂ ಉಂಟಾ?

ಅಳಿವೆನೀರು
ಐದು ಸಾಲನ್ನೂ ತೆಗೀರಿ ಟೀಚರೇ. ವಿಷಯ ಮಾತ್ರ ಬಿಡಬೇಡಿ, ಅದು ಒಳ್ಳೇದುಂಟು.

ಮೊದಲು ಜಾತಿ ಗಟ್ಟಿ ಮಾಡಿ. ಸುಮ್ಮನೆ ತೊರಕೆ ಅಂತ ಬರೆದರೆ ಮಲ್ಪೆ ಬಂದರಿನಲ್ಲಿ ಅಂಗೈಯಗಲದ್ದೂ ಬರುತ್ತದೆ, ಚಾಪೆಯಗಲದ್ದೂ ಬರುತ್ತದೆ. ನಮ್ಮ ಕರಾವಳಿಯ ಟ್ರಾಲ್ ಬಲೆಗೆ ಸಿಗುವ ಸಣ್ಣ ಜಾತಿಯೊಂದನ್ನು ಇಟ್ಟುಕೊಳ್ಳಿ: ಬ್ರೆವಿಟ್ರೈಗಾನ್ ಇಂಬ್ರಿಕೇಟಾ. 1801ರಲ್ಲಿ ಬ್ಲಾಕ್ ಮತ್ತು ಶ್ನೈಡರ್ ವಿವರಿಸಿದ ಮೀನು. 2016ರಲ್ಲಿ ಈ ಹೊಸ ಕುಲಕ್ಕೆ ಬಂತು, ಆದ್ದರಿಂದ ಹಳೆ ಪುಸ್ತಕದಲ್ಲಿ ಹಿಮಾಂಟುರಾ ಇಂಬ್ರಿಕೇಟಾ ಅಂತ ಇದ್ದರೆ ಗಾಬರಿಯಾಗಬೇಡಿ. ತಟ್ಟೆಯ, ಅಂದರೆ ಚಪ್ಪಟೆ ಮೈಯ ಅಗಲ ಹೆಚ್ಚೆಂದರೆ 25 ಸೆಂ.ಮೀ. ಆಸುಪಾಸು, ಬಾಲ ಗಿಡ್ಡ. ಫಲಕದಲ್ಲಿ ನಿಜ ಗಾತ್ರದ ಚಿತ್ರವನ್ನೇ ಹಾಕಬಹುದು, ಅದೊಂದು ಅನುಕೂಲ.

ಶಾಕ್ ಕೊಡುವುದು ವಿದ್ಯುತ್ ತೊರಕೆ. ಅದರ ಗುಂಪೇ ಬೇರೆ, ಮೈ ನುಣುಪು, ಬಾಲದಲ್ಲಿ ಮುಳ್ಳಿಲ್ಲ. ಮುಳ್ಳಿನ ತೊರಕೆ ವಿದ್ಯುತ್ತನ್ನು ಕೊಡುವುದಿಲ್ಲ, ಬೇರೆಯವರ ವಿದ್ಯುತ್ತನ್ನು ಹಿಡಿಯುತ್ತದೆ. ನಿಮ್ಮ ಫಲಕದ ಅರ್ಧ ಕಥೆ ಇಲ್ಲೇ ಇರುವುದು.

ಅದರ ಕಣ್ಣು ಬೆನ್ನ ಮೇಲೆ, ಬಾಯಿ ಹೊಟ್ಟೆಯಡಿ. ತಾನು ತಿನ್ನುವುದನ್ನು ಅದು ನೋಡಲಿಕ್ಕೇ ಆಗುವುದಿಲ್ಲ. ಮರಳಲ್ಲಿ ಹುಗಿದ ಸಿಗಡಿ, ಏಡಿ, ಹುಳ ಉಸಿರಾಡುವಾಗ, ಸ್ನಾಯು ಆಡಿಸುವಾಗ ಸುತ್ತಲಿನ ನೀರಿನಲ್ಲಿ ಬಹಳ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ತೊರಕೆಯ ಹೊಟ್ಟೆಯಡಿ, ಬಾಯಿಯ ಸುತ್ತ ಸೂಜಿಮೊನೆಯಂಥ ತೂತುಗಳು ಒತ್ತೊತ್ತಾಗಿರುತ್ತವೆ. ಒಂದೊಂದು ತೂತಿನ ಒಳಗೂ ಲೋಳೆ ತುಂಬಿದ ನಾಳ, ನಾಳದ ಬುಡದಲ್ಲಿ ಸಂವೇದನೆಯ ಕೋಶಗಳು. ಇಟಲಿಯ ಸ್ಟೆಫಾನೊ ಲೊರೆಂಝಿನಿ 1678ರಲ್ಲೇ ಇವನ್ನು ವಿವರಿಸಿದ, ಹಾಗಾಗಿ ಲೊರೆಂಝಿನಿ ಕುಪ್ಪಿಗಳು ಅಂತ ಹೆಸರು. ಸೆಂ.ಮೀ.ಗೆ ಕೆಲವೇ ನ್ಯಾನೊವೋಲ್ಟ್ ಬದಲಾದರೂ ಇದಕ್ಕೆ ಗೊತ್ತಾಗುತ್ತದೆ. ಆದರೆ ದೂರಕ್ಕೆ ನಡೆಯುವುದಿಲ್ಲ. ಬೇಟೆ ಹತ್ತಿರ ಬಂದ ಮೇಲೆ ಕೊನೆಯ ಕೆಲವು ಸೆಂ.ಮೀ.ಗೆ ಮಾತ್ರ ಇದರ ಉಪಯೋಗ, ಅಲ್ಲಿಯವರೆಗೆ ವಾಸನೆ.

ಹೆಂಚುಮಾಡು
ಗೂಬೆಯ ಬದಿಯನ್ನು ನಾನು ತಿದ್ದುತ್ತೇನೆ.

ಕತ್ತು 270 ಡಿಗ್ರಿ, 360 ಅಲ್ಲ. ಕತ್ತಿನಲ್ಲಿ 14 ಕಶೇರುಕ ಇರುವುದರಿಂದ ಆಗುತ್ತದೆ, ನಮಗಿರುವುದು 7. ಕಣ್ಣು ಗೋಲಿಯ ಹಾಗಿಲ್ಲ, ಕೊಳವೆಯ ಆಕಾರ. ಗುಂಡಿಯೊಳಗೆ ಹೊರಳಿಸಲಿಕ್ಕೆ ಆಗುವುದಿಲ್ಲ, ಆದ್ದರಿಂದ ಕತ್ತೇ ತಿರುಗಬೇಕು. ಈ ಕಾರಣ ಬರೆಯದೆ ಬರೀ ಅಂಕಿ ಬರೆದರೆ ಅದು ಕ್ವಿಜ್ ಪುಸ್ತಕದ ಸಾಲು ಆಗುತ್ತದೆ ಅಷ್ಟೆ.

ತಲೆಬುರುಡೆ ಸೊಟ್ಟ ಎಂಬುದು ಉತ್ತರ ದೇಶದ ಬೇರೆ ಗೂಬೆಗಳಿಗೆ ಸರಿ. ಟೆಂಗ್‌ಮಾಲ್ಮ್ ಗೂಬೆಯಲ್ಲಿ ಎಲುಬೇ ಎಡ ಬಲ ಬೇರೆ ಬೇರೆ. ಕಣಜ ಗೂಬೆಯ ಬುರುಡೆ ಸಮ. ಏರುಪೇರು ಇರುವುದು ಚರ್ಮದಲ್ಲಿ, ಕಿವಿಯ ತೂತಿನಲ್ಲಿ, ಅದರ ಮುಂದಿನ ಮುಚ್ಚಳದಂಥ ಪದರದಲ್ಲಿ. ಎಡ ಕಿವಿಯ ತೂತು ಬಲದ್ದಕ್ಕಿಂತ ಮೇಲೆ, ಆದರೆ ಅದು ಆಲಿಸುವುದು ಕೆಳಗಿನ ಸದ್ದನ್ನು. ಬಲ ಕಿವಿ ಕೆಳಗೆ, ಆಲಿಸುವುದು ಮೇಲಿನದನ್ನು. ಹಾಗಾಗಿ ಸದ್ದು ಎಡ ಕಿವಿಯಲ್ಲಿ ಜೋರಾಗಿದ್ದರೆ ಇಲಿ ಕೆಳಗಿದೆ, ಬಲದಲ್ಲಿ ಜೋರಾಗಿದ್ದರೆ ಮೇಲಿದೆ. ಎಡಕ್ಕಾ ಬಲಕ್ಕಾ ಎಂಬುದನ್ನು ಗೂಬೆ ತಿಳಿಯುವುದು ಜೋರಿನಿಂದ ಅಲ್ಲ, ಯಾವ ಕಿವಿಗೆ ಮೊದಲು ತಲುಪಿತು ಎಂಬುದರಿಂದ. ಅದರ ಎರಡು ಕಿವಿಗಳ ನಡುವೆ ಸದ್ದಿಗೆ ಸಿಗುವ ಅಂತರ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನ ಕಾಲು ಭಾಗ. ಸಮಯದಿಂದ ಅಡ್ಡಕ್ಕೆ, ಜೋರಿನಿಂದ ಎತ್ತರಕ್ಕೆ, ಹೀಗೆ ಎರಡು ಲೆಕ್ಕ. ಎರಡನ್ನೂ ಕೂಡಿಸಿ ಮೆದುಳಿನಲ್ಲಿ ಸದ್ದಿನ ನಕ್ಷೆ ಇರುವುದನ್ನು ಎರಿಕ್ ನಡ್ಸೆನ್ ಮತ್ತು ಮಸಕಾಜು ಕೊನಿಶಿ 1978ರಲ್ಲಿ ತೋರಿಸಿದರು.

ವೈಜ್ಞಾನಿಕ ಹೆಸರು ಟೈಟೊ ಆಲ್ಬಾ ಅಂತ ಬರೆದರೂ ತಪ್ಪಲ್ಲ. ಹೊಸ ಪಟ್ಟಿಗಳಲ್ಲಿ ನಮ್ಮ ಕಡೆಯದ್ದು ಟೈಟೊ ಜವಾನಿಕಾ. ಆವರಣದಲ್ಲಿ ಹಳೇದನ್ನೂ ಹಾಕಿಬಿಡಿ, ತೀರ್ಪುಗಾರರ ಜೊತೆ ವಾದ ತಪ್ಪುತ್ತದೆ.

ಅಳಿವೆನೀರು
ಹೆಂಚುಮಾಡು ಅಣ್ಣ, ಗೂಬೆಯ ಕಿವಿಯ ಬಗ್ಗೆ ರೋಜರ್ ಪೇನ್ ಮಾಡಿದ ಪ್ರಯೋಗವನ್ನೂ ಹಾಕಬೇಕು. ಯಾಕೆಂದರೆ ಅದಕ್ಕೆ ಜೋಡಿ ಪ್ರಯೋಗ ತೊರಕೆಯ ಬದಿಯಲ್ಲಿ ಉಂಟು. ಎರಡೂ ಪ್ರಕಟವಾದದ್ದು 1971ರಲ್ಲಿ, ಅದೂ ಒಂದೇ ಪತ್ರಿಕೆಯಲ್ಲಿ, ಜರ್ನಲ್ ಆಫ್ ಎಕ್ಸ್‌ಪರಿಮೆಂಟಲ್ ಬಯಾಲಜಿ.

ಪೇನ್ ಕಗ್ಗತ್ತಲ ಕೋಣೆಯಲ್ಲಿ ತರಗೆಲೆ ಹರಡಿ ಗೂಬೆ ಬಿಟ್ಟರು. ಇಲಿ ಸರಪರ ಅಂದ ಕಡೆಗೇ ಗೂಬೆ ಎರಗಿತು. ವಾಸನೆಯೋ ಮೈ ಬಿಸಿಯೋ ಇರಬಹುದಲ್ಲ ಎಂಬ ಸಂಶಯಕ್ಕೆ ಕಾಗದದ ಉಂಡೆಯನ್ನು ದಾರ ಕಟ್ಟಿ ಎಲೆಯ ಮೇಲೆ ಎಳೆದರು, ಅದಕ್ಕೂ ಎರಗಿತು. ಒಂದು ಕಿವಿಗೆ ಹತ್ತಿ ತುರುಕಿದರೆ ಗುರಿ ತಪ್ಪಿತು.

ಏಡ್ರಿಯಾನಸ್ ಕಾಲ್ಮೈನ್ ಸಣ್ಣ ಶಾರ್ಕ್ ಮತ್ತು ತೊರಕೆಯ ಬಳಗದ ರೇ ಮೀನಿನ ತೊಟ್ಟಿಯಲ್ಲಿ ಚಪ್ಪಟೆ ಮೀನನ್ನು ಅಗರ್ ಲೋಳೆಯ ಗೂಡಿನೊಳಗೆ ಮರಳಡಿ ಹುಗಿದರು. ಅಗರ್ ವಾಸನೆಯನ್ನು ತಡೆಯುತ್ತದೆ, ವಿದ್ಯುತ್ತನ್ನು ತಡೆಯುವುದಿಲ್ಲ. ಬೇಟೆ ಸಿಕ್ಕಿತು. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿದರು, ವಿದ್ಯುತ್ ನಿಂತಿತು, ಮೀನು ಮೇಲಿನಿಂದಲೇ ಹಾದು ಹೋಯಿತು. ಕೊನೆಗೆ ಬೇಟೆಯೇ ಇಲ್ಲದೆ ಎರಡು ಎಲೆಕ್ಟ್ರೋಡ್ ಹುಗಿದರೆ ಅದನ್ನೇ ಅಗೆಯಿತು.

ಕಾಗದದ ಉಂಡೆ ಒಂದು ಬದಿ, ಎಲೆಕ್ಟ್ರೋಡ್ ಇನ್ನೊಂದು ಬದಿ. ಎರಡರಲ್ಲೂ ಬೇಟೆಯೇ ಇಲ್ಲ, ಬೇಟೆಯ ಒಂದೇ ಒಂದು ಗುರುತು ಇದೆ. ಫಲಕದ ನಡುವಿನ ಚಿತ್ರ ಇದೇ ಆಗಲಿ. ರೆಕ್ಕೆಗೆ ರೆಕ್ಕೆ, ಬಾಲಕ್ಕೆ ಬಾಲ ಹೋಲಿಸುತ್ತಾ ಕೂತರೆ ಎಲ್ಲಿಗೂ ಮುಟ್ಟುವುದಿಲ್ಲ.

ದಕ್ಕೆಬದಿ
ಹಾರುವ ಸಾಲಿನ ಬಗ್ಗೆ: ರೆಕ್ಕೆ ಬಡಿದು ಹೋಗುವುದು ಹದ್ದು ತೊರಕೆ, ಮೈಮೇಲೆ ಬಿಳಿ ಚುಕ್ಕೆ ಇರುವ ಜಾತಿ, ಮೂತಿ ಮುಂದಕ್ಕೆ ಚಾಚಿದ್ದು. ನೀವು ತೆಗೆದುಕೊಂಡ ಸಣ್ಣ ತೊರಕೆ ತಟ್ಟೆಯ ಅಂಚನ್ನು ಮುಂದಿನಿಂದ ಹಿಂದಕ್ಕೆ ಅಲೆಯೆಬ್ಬಿಸಿ ಚಲಿಸುತ್ತದೆ. ದಕ್ಕೆಯಲ್ಲಿ, ಅಂದರೆ ಬೋಟಿನಿಂದ ಮೀನು ಇಳಿಸುವ ಕಟ್ಟೆಯಲ್ಲಿ, ಎರಡನ್ನೂ ಪಕ್ಕದಲ್ಲಿಟ್ಟರೆ ಅಂಚು ನೋಡಿದಾಗಲೇ ಗೊತ್ತಾಗುತ್ತದೆ: ಹದ್ದು ತೊರಕೆಯದ್ದು ಚೂಪು ಮೂಲೆ, ಇದರದ್ದು ದುಂಡು.

ಮೀನು ತರುವುದಾದರೆ ಕಣ್ಣನ್ನು ಮಕ್ಕಳಿಗೆ ತೋರಿಸಿ. ಪಾಪೆಯ ಮೇಲಂಚಿನಿಂದ ಒಂದು ಕಪ್ಪು ಪದರ ಕೆಳಗೆ ಇಳಿದಿರುತ್ತದೆ, ಬೆಳಕು ಹೆಚ್ಚಾದಾಗ ಪಾಪೆಯನ್ನು ಮುಚ್ಚಿ ಅಂಚಿನಲ್ಲಿ ಸಣ್ಣ ಸೀಳು ಮಾತ್ರ ಬಿಡುತ್ತದೆ. ಕಣ್ಣಿನ ಹಿಂದೆಯೇ ದೊಡ್ಡ ತೂತು, ತುಂಬಾ ಜನ ಅದನ್ನು ಕಿವಿ ಅಂದುಕೊಳ್ಳುತ್ತಾರೆ. ಅದು ಉಸಿರಿನ ದಾರಿ. ಬಾಯಿ ಮರಳಲ್ಲಿ ಹುಗಿದಿರುವುದರಿಂದ ನೀರನ್ನು ಬೆನ್ನ ಮೇಲಿನಿಂದ ಎಳೆದು ಹೊಟ್ಟೆಯಡಿಯ ಕಿವಿರಿನ ಐದು ಜೊತೆ ಸೀಳಿನಿಂದ ಹೊರಗೆ ಬಿಡುತ್ತದೆ. ಗಂಡು ಹೆಣ್ಣು ಗುರುತಿಸುವುದು ಸುಲಭ: ಬಾಲದ ಬುಡದ ಎರಡೂ ಬದಿ ಕಡ್ಡಿಯಂಥ ಅಂಗ ಇದ್ದರೆ ಗಂಡು.

ತಾಜಾ ಉಂಟಾ ಅಂತ ನೋಡಲಿಕ್ಕೆ ಮೂಗೇ ಸಾಕು. ತೊರಕೆಯ ರಕ್ತ ಮಾಂಸದಲ್ಲಿ ಯೂರಿಯಾ ತುಂಬಾ ಇರುತ್ತದೆ, ಸಮುದ್ರದ ಉಪ್ಪನ್ನು ತಡೆಯಲಿಕ್ಕೆ ಅದು ಹಾಗೆ ಇಟ್ಟುಕೊಂಡಿರುವುದು. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯ ಮಾಡುತ್ತದೆ. ಐಸ್ ಕಡಿಮೆಯಾದ ಮೀನನ್ನು ತರಗತಿಗೆ ತಂದರೆ ಮಧ್ಯಾಹ್ನದೊಳಗೆ ಎಲ್ಲರೂ ಹೊರಗೆ. ಮೀನಿನಷ್ಟೇ ತೂಕದ ಐಸ್ ಹಾಕಿ, ಕರಗಿದ ನೀರು ಹೊರಗೆ ಹೋಗುವ ಹಾಗೆ ಇಡಿ. ತೊರಕೆಯ ಪುಳಿಮುಂಚಿಗೆ (ಹುಳಿ ಖಾರದ ಮೀನು ಪದಾರ್ಥ) ಹುಳಿ ಜೋರು ಬೇಕು ಅನ್ನುವುದರ ಹಿಂದೆಯೂ ಈ ಅಮೋನಿಯವೇ ಉಂಟು, ಹುಳಿ ಅದನ್ನು ಕಟ್ಟಿಹಾಕುತ್ತದೆ.

ಮೂಡಬೆಟ್ಟು ಟೀಚರ್
ಬಾಲದ ಮುಳ್ಳನ್ನು ಇಡಬಹುದಾ? ಮಕ್ಕಳಿಗೆ ಅದೇ ಬೇಕಂತೆ.

ದಕ್ಕೆಬದಿ
ಇಡಬಹುದು, ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ಸತ್ತ ತೊರಕೆಯ ಮುಳ್ಳು ಚುಚ್ಚಿದರೂ ವಿಷ ಏರುತ್ತದೆ. ವಿಷ ಮುಳ್ಳಿನೊಳಗಿನ ಕೊಳವೆಯಲ್ಲಿ ಅಲ್ಲ, ಹಾವಿನ ಹಲ್ಲಿನ ಚಿತ್ರ ಬರೆಯಬೇಡಿ. ಮುಳ್ಳಿನ ಅಡಿಬದಿ ಎರಡು ಉದ್ದ ಗೀರು ಇರುತ್ತವೆ, ವಿಷದ ಅಂಗಾಂಶ ಆ ಗೀರಿನಲ್ಲಿ, ಮೇಲೆ ತೆಳು ಚರ್ಮದ ಹೊದಿಕೆ. ಚುಚ್ಚಿದಾಗ ಹೊದಿಕೆ ಹರಿದು ಅಂಗಾಂಶವೇ ಗಾಯದೊಳಗೆ ಉಳಿಯುತ್ತದೆ. ಎರಡೂ ಅಂಚಿನ ಗರಗಸದ ಹಲ್ಲು ಬಾಲದ ಬುಡದ ಕಡೆಗೆ ಬಾಗಿರುವುದರಿಂದ ಒಳಹೋಗುವಾಗ ಸಲೀಸು, ಹೊರಬರುವಾಗ ಮಾಂಸ ಹರಿಯುತ್ತದೆ.

ಮಾಡುವ ಕ್ರಮ: ದಪ್ಪ ಚರ್ಮದ ಕೈಗವಸು ಹಾಕಿ, ಬಾಲವನ್ನು ಹಲಗೆಗೆ ಒತ್ತಿ ಹಿಡಿದು, ಮುಳ್ಳನ್ನು ಬುಡದಲ್ಲಿ ಇಕ್ಕಳದಿಂದ ಹಿಡಿದು ಕತ್ತರಿಸಿ. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿ. ವಿಷ ಪ್ರೊಟೀನ್ ಆದ್ದರಿಂದ ಬಿಸಿಗೆ ಕೆಡುತ್ತದೆ, ಹೊದಿಕೆಯೂ ಬಿಡುತ್ತದೆ. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಪಾರದರ್ಶಕ ಡಬ್ಬಿಯೊಳಗೆ ಅಂಟಿಸಿ ಮುಚ್ಚಳಕ್ಕೆ ಟೇಪ್ ಹಾಕಿ. ಪಕ್ಕದಲ್ಲಿ ಭೂತಗನ್ನಡಿ ಇಡಿ. ಇದು ಹಿರಿಯರ ಕೆಲಸ, ಮಕ್ಕಳಿಗೆ ಬಿಡಬೇಡಿ. ಬೋಟಿನಲ್ಲೇ ಬಾಲ ಕಡಿದು ಬಿಸಾಡುವುದು ಹೆಚ್ಚು, ಆದ್ದರಿಂದ ಬಾಲ ಇರುವ ಮೀನು ಬೇಕು ಅಂತ ಮೊದಲೇ ಹೇಳಿಡಬೇಕು.

ಪಕ್ಕದಲ್ಲಿ ಪ್ರಥಮ ಚಿಕಿತ್ಸೆಯ ಚೀಟಿಯೂ ಇರಲಿ. ಕೈರಂಪಣಿ ಬಲೆಯನ್ನು ದಡದಿಂದ ಎಳೆಯುವ ಊರಿನ ಮಕ್ಕಳಿಗೆ ಗೂಬೆಯ ಕಿವಿಗಿಂತ ಇದು ಹೆಚ್ಚು ಉಪಯೋಗ. ಕಾಲಿಗೆ ಕೈಗೆ ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ, 45 ಡಿಗ್ರಿ ಸೆಲ್ಸಿಯಸ್ ಮೀರಬಾರದು, 30ರಿಂದ 90 ನಿಮಿಷ. ನೀರಿನ ಬಿಸಿಯನ್ನು ಗಾಯವಾಗದ ಕಾಲಿನಿಂದ ಅಥವಾ ಬೇರೆಯವರ ಕೈಯಿಂದ ನೋಡಬೇಕು. ನೋವಿನ ಕಾಲಿಗೆ ಬಿಸಿ ಸರಿಯಾಗಿ ತಿಳಿಯದೆ ಬೊಬ್ಬೆ ಬರುವುದುಂಟು. ಆಮೇಲೆ ಆಸ್ಪತ್ರೆ: ಟಿ.ಟಿ. ಚುಚ್ಚುಮದ್ದು, ತುಂಡು ಉಳಿದಿದೆಯಾ ಅಂತ ಎಕ್ಸ್‌ರೇ. ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ್ದರೆ ಮುಳ್ಳನ್ನು ಕೀಳಬಾರದು, ಹಾಗೆಯೇ ಒಯ್ಯಬೇಕು. ನೀರಿಗಿಳಿಯುವಾಗ ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆಯುತ್ತಾ ಹೋದರೆ ತೊರಕೆ ತಾನಾಗಿ ಸರಿಯುತ್ತದೆ. ಅದು ಬೆನ್ನಟ್ಟಿ ಬಂದು ಚುಚ್ಚುವ ಪ್ರಾಣಿ ಅಲ್ಲ ಮಾರಾಯ್ರೆ, ಮೇಲೆ ತುಳಿದರೆ ಬಾಲ ಎತ್ತುತ್ತದೆ.

ಸರ್ಕಿಟ್ ಕಾರ್ಕಳ
ಮಾದರಿ ಎರಡು ಹೇಳುತ್ತೇನೆ ಟೀಚರ್, ಖರ್ಚು ಕಡಿಮೆ.

ಒಂದು, ತೊರಕೆ. ಅಗಲ ಪ್ಲಾಸ್ಟಿಕ್ ಟಬ್, ಅಡಿಯಲ್ಲಿ 3 ಸೆಂ.ಮೀ. ತೊಳೆದ ಮರಳು, ಮೇಲೆ 5 ಸೆಂ.ಮೀ. ಬಾವಿ ನೀರು. 1.5 ವೋಲ್ಟ್ ಸೆಲ್ಲಿಗೆ 10 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ, ಎರಡು ತಂತಿಯ ತುದಿಗೆ ಪೆನ್ಸಿಲ್ ಸೀಸದ ತುಂಡು ಕಟ್ಟಿ, 2 ಸೆಂ.ಮೀ. ಅಂತರದಲ್ಲಿ ಮರಳಲ್ಲಿ ಹುಗಿಯಿರಿ. ಇದೇ ಸಿಗಡಿ. ಮಲ್ಟಿಮೀಟರನ್ನು ಡಿ.ಸಿ. 200 ಮಿಲಿವೋಲ್ಟಿಗೆ ಇಟ್ಟು, ಅದರ ಎರಡು ತುದಿಗೂ ಪೆನ್ಸಿಲ್ ಸೀಸ ಕಟ್ಟಿ ಐಸ್‌ಕ್ರೀಂ ಕಡ್ಡಿಗೆ 3 ಸೆಂ.ಮೀ. ಅಂತರದಲ್ಲಿ ಬಿಗಿಯಿರಿ. ಕಡ್ಡಿಯನ್ನು ನೀರಿನಲ್ಲಿ ನಿಧಾನ ಸರಿಸಿದರೆ ಸೆಲ್ಲಿನ ತಂತಿ ತುದಿ ಹುಗಿದ ಜಾಗದ ಮೇಲೆ ಅಂಕಿ ಏರುತ್ತದೆ, ದೂರ ಹೋದ ಹಾಗೆ ಬೇಗ ಇಳಿಯುತ್ತದೆ. ಎರಡು ತುದಿಯ ಸಾಲಿಗೆ ಕಡ್ಡಿಯನ್ನು ಅಡ್ಡ ಹಿಡಿದರೆ ಸೊನ್ನೆಯ ಹತ್ತಿರ ಬರುತ್ತದೆ, ದಿಕ್ಕು ತಿರುಗಿಸಿ ನೋಡಬೇಕು.

ಕೈಕೊಡುವ ಜಾಗ: ಒಂದು ತುದಿ ತಾಮ್ರ, ಇನ್ನೊಂದು ಕಬ್ಬಿಣ ಹಾಕಿದರೆ ಅವೇ ಒಂದು ಸೆಲ್ ಆಗಿ ನೂರಾರು ಮಿಲಿವೋಲ್ಟ್ ತೋರಿಸುತ್ತವೆ. ಹಾಗಾಗಿ ಎಲ್ಲ ಕಡೆ ಪೆನ್ಸಿಲ್ ಸೀಸವೇ. ಇನ್ನೊಂದು, ಸಮುದ್ರ ಅಂತ ಲೀಟರಿಗೆ 35 ಗ್ರಾಂ ಉಪ್ಪು ಹಾಕಿದರೆ ಮೀಟರ್ ಅಲುಗುವುದೇ ಇಲ್ಲ. ಉಪ್ಪು ನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುವುದರಿಂದ ಎರಡು ಬಿಂದುಗಳ ನಡುವೆ ವೋಲ್ಟೇಜ್ ನಿಲ್ಲುವುದಿಲ್ಲ. ಇದನ್ನು ಬೇಕೆಂದೇ ಕೊನೆಯಲ್ಲಿ ಮಾಡಿ ತೋರಿಸಿ: ಮುಷ್ಟಿ ಮುಷ್ಟಿ ಉಪ್ಪು ಹಾಕಿ, ಅಂಕಿ ಬೀಳುವುದನ್ನು ನೋಡಲಿ. ನಮ್ಮ ಮೀಟರ್ ಸೋತ ನೀರಿನಲ್ಲಿ ತೊರಕೆ ಬೇಟೆ ಹುಡುಕುತ್ತದೆ.

ಎರಡು, ಗೂಬೆ. ಥರ್ಮೋಕೋಲಿನ ಮುಖಕ್ಕೆ ಎರಡು ಆಲಿಕೆ, ಎಡದ್ದು ಬಲದ್ದಕ್ಕಿಂತ 8 ಸೆಂ.ಮೀ. ಮೇಲೆ, ಕೆಳಮುಖ ಓರೆ. ಬಲದ್ದು ಮೇಲ್ಮುಖ ಓರೆ. ಎರಡಕ್ಕೂ 60 ಸೆಂ.ಮೀ. ಪೈಪ್, ಇನ್ನೊಂದು ತುದಿ ಹಳೆ ಸ್ಟೆತೊಸ್ಕೋಪಿನ ಕಿವಿ ಕಡ್ಡಿಗೆ. ಪೈಪಿನ ಉದ್ದ ಒಂದೇ ಇರಬೇಕು. 10 ಸೆಂ.ಮೀ. ವ್ಯತ್ಯಾಸವಾದರೆ ಸದ್ದು 0.3 ಮಿಲಿಸೆಕೆಂಡ್ ತಡ, ಎದುರಿನ ಸದ್ದೇ ಬದಿಯಿಂದ ಬಂದ ಹಾಗೆ ಕೇಳುತ್ತದೆ. ಬೇಕಾದರೆ ಒಂದು ಪೈಪನ್ನು ಉದ್ದ ಮಾಡಿ ಅದನ್ನೂ ತೋರಿಸಬಹುದು. ಚಪ್ಪಾಳೆ ಬೇಡ, ಬೀಗದ ಕೈ ಗೊಂಚಲು ಅಲುಗಿಸಿ. ಎತ್ತರದ ವ್ಯತ್ಯಾಸ ತಿಳಿಯುವುದು ಕೀಚಲು ಸದ್ದಿನಲ್ಲಿ. ಒಂದು ವಿಷಯ, ಗೊಂಚಲನ್ನು ಮೇಲೆ ಕೆಳಗೆ ಮಾಡಿದಾಗ ಮಕ್ಕಳು ಬಲಕ್ಕೆ, ಎಡಕ್ಕೆ ಅಂತ ಹೇಳುತ್ತಾರೆ. ನಮ್ಮ ಮೆದುಳು ಜೋರಿನ ವ್ಯತ್ಯಾಸವನ್ನು ಎಡಬಲಕ್ಕೆ ಲೆಕ್ಕ ಹಾಕುತ್ತದೆ, ಗೂಬೆ ಎತ್ತರಕ್ಕೆ. ಮಾದರಿ ಕೆಟ್ಟಿತು ಅಂತ ಬಿಚ್ಚಬೇಡಿ, ಅದೇ ಪಾಠ.

ಹೆಂಚುಮಾಡು
ಇದಕ್ಕೆ ಗೂಬೆಯ ಉಂಡೆ ಸೇರಿಸಿ. ಗೂಬೆ ಜೀರ್ಣವಾಗದ ಕೂದಲು, ಎಲುಬನ್ನು ಉಂಡೆ ಮಾಡಿ ಉಗುಳುತ್ತದೆ. ಹಳೆ ಹೆಂಚಿನ ಮನೆ, ದೇವಸ್ಥಾನದ ಗೋಪುರ, ಇಗರ್ಜಿಯ ಗಂಟೆಗೋಪುರದ ಅಡಿಯಲ್ಲಿ ಸಿಗುತ್ತದೆ, ಹೊಸದು ಕಪ್ಪಗೆ ಹೊಳೆಯುತ್ತದೆ. ಮರಿ ಇರುವ ಗೂಡಿನ ಹತ್ತಿರ ಹೋಗಬೇಡಿ, ಕೆಳಗೆ ಬಿದ್ದದ್ದು ಸಾಕು. ಸಾಲ್ಮೊನೆಲ್ಲಾ ಇರಬಹುದು, ಆದ್ದರಿಂದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಓವನ್ನಿನಲ್ಲಿ 160 ಡಿಗ್ರಿಯಲ್ಲಿ 40 ನಿಮಿಷ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ ಚಿಮುಟದಿಂದ ಬಿಡಿಸಿ.

ಇಂಟರ್‌ನೆಟ್ಟಿನಲ್ಲಿ ಸಿಗುವ ಗುರುತಿನ ಪಟ್ಟಿಗಳು ಯುರೋಪಿನವು, ಸೊಂಡಿಲಿಯ ಹಲ್ಲಿನ ತುದಿ ಕೆಂಪು ಎನ್ನುತ್ತವೆ. ನಮ್ಮ ಮನೆ ಸೊಂಡಿಲಿಯ ಹಲ್ಲು ಪೂರಾ ಬಿಳಿ. ಹಾಗಾಗಿ ಬಣ್ಣ ನೋಡಬೇಡಿ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗ ಇದ್ದರೆ ಇಲಿ, ಚೂಪು ಹಲ್ಲು ಸಾಲಾಗಿ ಇದ್ದು ಕೆನ್ನೆಯ ಕಮಾನು ಎಲುಬೇ ಇಲ್ಲದಿದ್ದರೆ ಸೊಂಡಿಲಿ. ತೊರಕೆಯ ಕಡೆಗೆ ಇದರ ಜೋಡಿ ಇಲ್ಲ, ಅದು ಚಪ್ಪಟೆ ಹಲ್ಲಿನಲ್ಲಿ ಅರೆದು ತಿನ್ನುವ ಪ್ರಾಣಿ.

ತೋಟದಕರೆ
ಮೊಟ್ಟೆಯ ಸಾಲು ಯಾರೂ ಮುಟ್ಟಲಿಲ್ಲ. ನಮಗೆ ತೋಟದವರಿಗೆ ಅದೇ ಮುಖ್ಯ. ಗೂಬೆ ಒಂದು ಸರ್ತಿಗೆ ಸಾಮಾನ್ಯ 4ರಿಂದ 7 ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆ ಇಟ್ಟ ಕೂಡಲೇ ಕಾವು ಶುರು, ಆದ್ದರಿಂದ ಮರಿಗಳು ಎರಡು ಮೂರು ದಿನದ ಅಂತರದಲ್ಲಿ ಹೊರಬರುತ್ತವೆ, ಗೂಡಿನಲ್ಲಿ ಒಂದೊಂದೂ ಒಂದೊಂದು ಗಾತ್ರ. ಇಲಿ ಕಡಿಮೆಯಾದರೆ ಸಣ್ಣದು ಸಾಯುತ್ತದೆ, ದೊಡ್ಡದು ಉಳಿಯುತ್ತದೆ. ಇಲಿ ಹೆಚ್ಚಾದ ವರ್ಷ ಸಂಖ್ಯೆ ಬೇಗ ಏರುತ್ತದೆ. ಮಲೇಶಿಯಾದ ತಾಳೆ ತೋಟಗಳಲ್ಲಿ ಪೆಟ್ಟಿಗೆ ಇಟ್ಟು ಗೂಬೆ ಸಾಕಲು ಸಾಧ್ಯವಾದದ್ದು ಇದರಿಂದಲೇ.

ತೆಂಗು, ಕೊಕ್ಕೋ ಇರುವಲ್ಲಿ ಪೆಟ್ಟಿಗೆ ಇಡುವವರಿಗೆ: 12 ಮಿ.ಮೀ. ಪ್ಲೈ, ಅಡಿ 60 x 40 ಸೆಂ.ಮೀ., ಬಾಗಿಲು 15 x 15, ಬಾಗಿಲಿನ ಕೆಳ ಅಂಚಿನಿಂದ ಅಡಿಗೆ 45 ಸೆಂ.ಮೀ. ಆಳ. ಆಳ ಕಡಿಮೆಯಾದರೆ ಮರಿ ಬಾಗಿಲಿಗೆ ಹತ್ತಿ ಕೆಳಗೆ ಬೀಳುತ್ತದೆ. ನಮ್ಮ ಮಳೆ ನೈಋತ್ಯದಿಂದ ಹೊಡೆಯುವುದರಿಂದ ಬಾಗಿಲು ಪೂರ್ವಕ್ಕೋ ಈಶಾನ್ಯಕ್ಕೋ. ಮಾಡು ಓರೆ, ಮುಂದೆ ಒಂದು ಗೇಣು ಚಾಚು, ಅಡಿಯಲ್ಲಿ ನೀರು ಬಸಿಯುವ ತೂತು. ಕಂಬಕ್ಕೆ ತಗಡು ಸುತ್ತದಿದ್ದರೆ ಹಾವು, ಬೆಕ್ಕು ಹತ್ತುತ್ತದೆ. ಮತ್ತೆ, ಅದೇ ತೋಟದಲ್ಲಿ ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣ ಇಟ್ಟರೆ ಪೆಟ್ಟಿಗೆ ಇಟ್ಟದ್ದು ವ್ಯರ್ಥ. ಇಲಿ ಸಾಯಲು ಕೆಲವು ದಿನ ಬೇಕು, ಅಷ್ಟರಲ್ಲಿ ಮಂಕಾಗಿ ಗೂಬೆಗೆ ಸುಲಭದ ತುತ್ತಾಗುತ್ತದೆ, ವಿಷ ಗೂಬೆಯ ಪಿತ್ತಜನಕಾಂಗದಲ್ಲಿ ಕೂಡುತ್ತದೆ.

ಅಳಿವೆನೀರು
ತೊರಕೆ ಮೊಟ್ಟೆಯನ್ನು ಹೊರಗೆ ಇಡುವುದೇ ಇಲ್ಲ. ಮರಿ ಹೊಟ್ಟೆಯೊಳಗೆ ಬೆಳೆಯುತ್ತದೆ, ಮೊದಲು ಭಂಡಾರದ (ಮೊಟ್ಟೆಯ ಹಳದಿ ಭಾಗದ) ಬಲದಲ್ಲಿ, ಆಮೇಲೆ ಗರ್ಭಕೋಶದ ಗೋಡೆಯ ಎಳೆಗಳು ಸ್ರವಿಸುವ ಹಾಲಿನಂಥ ರಸ ಕುಡಿದು. ಸಣ್ಣ ಜಾತಿಗಳಲ್ಲಿ ಒಂದು ಸರ್ತಿಗೆ ಬೆರಳೆಣಿಕೆಯ ಮರಿ ಅಷ್ಟೆ. ಕಾಲ್ಮೈನ್ ಬಳಸಿದ ರೇ ಮಾತ್ರ ಬೇರೆ ಗುಂಪಿನದ್ದು, ಅದು ಚರ್ಮದ ಚೀಲದಲ್ಲಿ ಮೊಟ್ಟೆ ಇಡುತ್ತದೆ. ಮಕ್ಕಳ ಗೊಂದಲ ಬಹುಶಃ ಅಲ್ಲಿಂದಲೇ ಬಂದದ್ದು.

ಬಲೆಯಲ್ಲಿ ಸಿಕ್ಕ ಬಸುರಿ ತೊರಕೆ ಗಾಬರಿಗೆ ಮರಿಯನ್ನು ಅವಧಿಗೆ ಮೊದಲೇ ಹೊರಹಾಕುತ್ತದೆ. ಬೋಟಿನ ಅಟ್ಟದಲ್ಲಿ ಕಾಣುವ, ಹೊಟ್ಟೆಗೆ ಭಂಡಾರ ಅಂಟಿಕೊಂಡಿರುವ ಮರಿಗಳು ಅವೇ, ವಾಪಸ್ ನೀರಿಗೆ ಹಾಕಿದರೂ ಬದುಕುವುದು ಕಷ್ಟ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಟ್ರಾಲಿಂಗ್ ನಿಲ್ಲುತ್ತದೆ ನಿಜ, ಆದರೆ ಬೂತಾಯಿ ಮೀನಿನಂತೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನು ಅಷ್ಟರಲ್ಲಿ ಚೇತರಿಸಿಕೊಂಡ ಹಾಗೆ ಇದು ಚೇತರಿಸಿಕೊಳ್ಳುವುದಿಲ್ಲ.

ತೋಟದಕರೆ
ಹಾಗಾದರೆ ಫಲಕದಲ್ಲಿ ಗೂಬೆ ಕ್ಷೇಮ, ತೊರಕೆ ಅಪಾಯದಲ್ಲಿ ಅಂತ ಹಾಕುವುದಾ? ದೀಪಾವಳಿ ಹತ್ತಿರ ಬಂದಾಗ ಮಾಟಕ್ಕೆ ಅಂತ ಗೂಬೆ ಹಿಡಿದು ಮಾರುವವರು ಇದ್ದಾರಲ್ಲ.

ಅಳಿವೆನೀರು
ಹಾಗೆ ಎರಡೇ ಪದದಲ್ಲಿ ಹಾಕುವುದು ಬೇಡ. ಗೂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಉಂಟು, ಹಿಡಿಯುವುದು, ಮಾರುವುದು ಎರಡೂ ಅಪರಾಧ. ತೊರಕೆಗಳಲ್ಲಿ ರಕ್ಷಣೆ ಇರುವುದು ಕೆಲವು ಜಾತಿಗೆ ಮಾತ್ರ. ಮೈತುಂಬಾ ಮುಳ್ಳಿನ, ಬಾಲದಲ್ಲಿ ಕೊಂಡಿಯಿಲ್ಲದ ಮುಳ್ಳುಹಂದಿ ತೊರಕೆ 2001ರಿಂದ ಮೊದಲ ಅನುಸೂಚಿಯಲ್ಲಿದೆ. ಅದರ ಸಂಬಂಧಿಗಳಾದ ಗರಗಸ ಮೀನುಗಳೂ ದೈತ್ಯ ಗಿಟಾರ್ ಮೀನೂ ಅದೇ ಪಟ್ಟಿಯಲ್ಲಿವೆ. ಟೀಚರೇ, ದಕ್ಕೆಯಿಂದ ಮಾದರಿ ತರುವ ಮೊದಲು ಇವುಗಳ ಚಿತ್ರ ಒಮ್ಮೆ ನೋಡಿಕೊಳ್ಳಿ. ಅಜ್ಜನ ಮನೆಯ ಅಟ್ಟದಲ್ಲಿರುವ ಗರಗಸದ ಮೂತಿಯನ್ನು ಚಂದ ಉಂಟು ಅಂತ ಮಕ್ಕಳು ತಂದರೆ ಅದನ್ನೂ ಇಡಬಾರದು. ಜಾತಿ ಖಚಿತಪಡಿಸಲು ಮಂಗಳೂರಿನ ಮೀನುಗಾರಿಕಾ ಕಾಲೇಜು ಅಥವಾ ಸಿಎಂಎಫ್ಆರ್‌ಐ (ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರದವರಿಗೆ ಬೆನ್ನು, ಹೊಟ್ಟೆ, ಬಾಲದ ಬುಡ, ಈ ಮೂರು ಚಿತ್ರ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕಳಿಸಿ.

ಮೂಡಬೆಟ್ಟು ಟೀಚರ್
ನಡುವಿನ ಚಿತ್ರ 1971ರ ಎರಡು ಪ್ರಯೋಗ ಅಂತ ಮಕ್ಕಳೇ ಆರಿಸಿದರು. ಟಬ್ ಮಾದರಿಗೆ ಮೇಜಿನ ಎತ್ತರ ಎಷ್ಟಿರಲಿ ಸರ್?

ಸರ್ಕಿಟ್ ಕಾರ್ಕಳ
ಮಂಡಿಯಿಂದ ಸ್ವಲ್ಪ ಮೇಲೆ ಸಾಕು, ಬಗ್ಗಿ ನೋಡುವ ಹಾಗೆ. ತಂತಿ ತುದಿ ಹುಗಿದ ಜಾಗ ಹೊರಗೆ ಕಾಣದ ಹಾಗೆ ತಂತಿಯನ್ನು ಮರಳಿನಡಿಯಿಂದಲೇ ತಂದು ಟಬ್ಬಿನ ಅಂಚಿಗೆ ಅಂಟಿಸಿ, ಇಲ್ಲದಿದ್ದರೆ ಎಲ್ಲರೂ ತಂತಿ ನೋಡಿ ಜಾಗ ಹೇಳಿಬಿಡುತ್ತಾರೆ. ಒಂದು ಗಂಟೆಗೊಮ್ಮೆ ಸೆಲ್ಲಿನ ಮುಖ ತಿರುಗಿಸಿ ಹಾಕಿ, ಸೀಸದ ಮೇಲೆ ಗುಳ್ಳೆ ಕೂತರೆ ಅಂಕಿ ಇಳಿಯುತ್ತದೆ.